ಆಲೆಮನೆಯ ಸೆಟ್ ಪಾಯಿಂಟ್

ನನಗೊಂದು ಚಾಳಿಯಿದೆ. ಮುಳ್ಳು ಇರುವ ಯಾವ ಯಂತ್ರ ಕಂಡರೂ ಅದರ ಗಾಜಿನ ಮೇಲೆ ಉಗುರಿನಿಂದ ಟಕಟಕ ಕುಟ್ಟಿ, ಆಮೇಲೇ ಅದು ಹೇಳುವುದನ್ನು ಓದುವುದು. ಕಾರ್ಖಾನೆಯಲ್ಲಿ ಇದು ಕೆಲಸದ ಭಾಗ. ಒತ್ತಡ ಅಳೆಯುವ ಗೇಜಿನ ಮುಳ್ಳು ಕೆಲವೊಮ್ಮೆ ಸಿಕ್ಕಿಕೊಂಡು ನಿಂತಲ್ಲೇ ನಿಂತಿರುತ್ತದೆ. ಕುಟ್ಟಿದರೆ ತೂಕಡಿಕೆ ಬಿಟ್ಟು ಎದ್ದು ನಿಜ ಹೇಳುತ್ತದೆ. ತೊಂದರೆಯಾಗುವುದು ಊರಿಗೆ ಹೋದಾಗ. ಶಿರಸಿ ಪೇಟೆಯಲ್ಲಿ ಕಾಳುಮೆಣಸು ತೂಗುತ್ತಿದ್ದ ಅಂಗಡಿಯವರ ಮುಳ್ಳಿನ ತಕ್ಕಡಿಯ ಗಾಜನ್ನು ಒಮ್ಮೆ ಹೀಗೇ ಕುಟ್ಟಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನಮ್ಮಪ್ಪನ ಕಾಲದ್ ತಕ್ಕಡಿ ತಂಗಿ ಇದು. ಇಷ್ಟ್ ವರ್ಷದಲ್ಲಿ ಯಾರೂ ಅದ್ರ ಬಾಗ್ಲು ತಟ್ಟಿರ್ಲಿಲ್ಲ."

ಇನ್ನೊಮ್ಮೆ ಅಪ್ಪನಿಗೆ ತಲೆಸುತ್ತು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರು. ನನ್ನ ಬೆರಳು ತಂತಾನೇ ಅದರ ಗೇಜಿನತ್ತ ಹೋಯಿತು. ಡಾಕ್ಟರು ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ನನ್ನತ್ತ ಹಿಡಿದರು. "ನೀವೇ ನೋಡಿ ಹಂಗಾರೆ. ಒಳಗೆ ಇನ್ನೂ ನಾಕು ಜನ ಇದಾರೆ, ಅವ್ರನ್ನೂ ನೋಡಿ ಮುಗಿಸಿಬಿಡಿ." ಅಪ್ಪನಿಗೆ ಅಂದು ರಕ್ತದೊತ್ತಡ ಸರಿಯಾಗಿಯೇ ಇತ್ತು. ಏರಿದ್ದು ನನ್ನದು.

ನಾನು ಮಾಡುವ ಕೆಲಸ ಏನೆಂದು ಊರಿನಲ್ಲಿ ಹೇಳಿ ಒಪ್ಪಿಸುವುದು ಇವತ್ತಿಗೂ ಕಷ್ಟ. ಹಾಲಿನ ಪುಡಿ ಮಾಡುವ ದೊಡ್ಡ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಕೂರುತ್ತೇನೆ. ಓದಿದ್ದು ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರಿಂಗ್. ಹೆಸರು ಕೇಳಿದವರೆಲ್ಲ ಒಳಗೆ ಹೋಗಿ, ತಿರುಗದೇ ಇರುವ ಮಿಕ್ಸಿಯನ್ನು ತಂದು ಮುಂದೆ ಇಡುತ್ತಾರೆ. ನಾನು ಕೆಲವನ್ನು ರಿಪೇರಿ ಮಾಡಿದ್ದೂ ಉಂಟು. ಅದು ನನ್ನ ಪದವಿಯಿಂದ ಅಲ್ಲ, ಅಮ್ಮನ ಮಿಕ್ಸಿಯನ್ನು ಮೂರು ಸಲ ಬಿಚ್ಚಿ ಹಾಳು ಮಾಡಿದ ಅನುಭವದಿಂದ.

ಪದವಿ ಅಂದೆ. ಸಿದ್ದಾಪುರದಿಂದ ಒಳಗಿರುವ ನಮ್ಮ ಊರಿನಲ್ಲಿ, ನಮ್ಮ ಮನೆತನದಲ್ಲಿ, ಪದವಿ ಪಡೆದವರು ಯಾರು ಎಂದು ಹುಡುಕಿದರೆ ಸಿಗುವವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಮ್ಮ ಅಷ್ಟೂ ಹೋದವಳಲ್ಲ. ಹತ್ತನೇ ತರಗತಿ ಮುಗಿದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಅಪ್ಪನನ್ನು ಕೇಳಿದ, "ಇನ್ನೂ ಓದ್ಸ್ತ್ಯನಾ?" ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತದೆ ಹೇಳಿದ: "ಅವ್ಳೇ ನಿಲ್ಸೋವರೆಗೆ." ಆ ಮಾತನ್ನು ಹಿಡಿದುಕೊಂಡು ಡಿಪ್ಲೊಮಾ ಮಾಡಿದೆ, ಅದರ ಮೇಲೆ ಡಿಗ್ರಿಗೆ ಸೇರಿದೆ. ನಾನೂ ನಿಲ್ಲಿಸಲಿಲ್ಲ, ಅವನೂ ಮಾತು ತಪ್ಪಲಿಲ್ಲ.

ಆದರೆ ಕಲಿಯುವುದು ಸುಲಭವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕನ್ನಡದಲ್ಲಿ ಓದಿ ಹೋದವಳಿಗೆ ಮೊದಲ ವರ್ಷವೆಲ್ಲ ಮೇಷ್ಟ್ರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಯಾವಾಗ ನಿಲ್ಲಿಸುತ್ತಾರೆ ಎನ್ನುವುದೇ ಮುಖ್ಯವಾಗಿತ್ತು. ಸೆನ್ಸರ್, ಟ್ರಾನ್ಸ್‌ಮಿಟರ್, ಕಂಟ್ರೋಲರ್, ವಾಲ್ವ್. ಒಂದು ಅಳೆಯುತ್ತದೆ, ಇನ್ನೊಂದು ಸುದ್ದಿ ಮುಟ್ಟಿಸುತ್ತದೆ, ಮೂರನೆಯದು ಯೋಚನೆ ಮಾಡುತ್ತದೆ, ಕೊನೆಯದು ಕೆಲಸ ಮಾಡುತ್ತದೆ. ನಮಗೆ ಬೇಕಾದ ಅಳತೆಗೆ ಸೆಟ್ ಪಾಯಿಂಟ್ ಎಂದು ಹೆಸರು. ಬೇಕಾದ್ದಕ್ಕೂ ಇರುವುದಕ್ಕೂ ನಡುವಿನ ಅಂತರ ಕಡಿಮೆ ಮಾಡುತ್ತಾ ಇರುವುದೇ ಕಂಟ್ರೋಲ್. ಈಗ ಮೂರು ಸಾಲಿನಲ್ಲಿ ಹೇಳಿದೆ. ಆಗ ಇದೇ ಪೇಪರಿನಲ್ಲಿ ಒಮ್ಮೆ ಡುಮ್ಕಿ ಹೊಡೆದೆ.

ಡುಮ್ಕಿ ಹೊಡೆದು ಮನೆಗೆ ಬಂದು ಕೂತಿದ್ದಾಗ ನನಗೆ ವಿಷಯ ತಲೆಗೆ ಹತ್ತಿತು, ಅದೂ ನಮ್ಮ ಬಚ್ಚಲುಮನೆಯಲ್ಲಿ. ನಮ್ಮಲ್ಲಿ ಒಳಗೆ ಹಂಡೆ, ಹೊರಗೆ ಒಲೆಯ ಬಾಯಿ. ಒಳಗೆ ಅಪ್ಪ ಸ್ನಾನಕ್ಕೆ ಕೂತಿದ್ದ, ಹೊರಗೆ ಅಮ್ಮ ಬೆಂಕಿ ನೋಡುತ್ತಿದ್ದಳು. "ಬಿಸಿ ಸಾಲ್ದು" ಎಂದು ಅಪ್ಪ ಒಳಗಿನಿಂದ ಕೂಗಿದ. ಅಮ್ಮ ಒಂದು ಸೌದೆ ಕುಂಟೆ ತುರುಕಿದಳು. ಹಂಡೆ ಬಿಸಿಯಾಗಲು ಹೊತ್ತು ಬೇಕಲ್ಲ, ಅಪ್ಪ ಮತ್ತೆ ಕೂಗಿದ. ಅಮ್ಮ ಇನ್ನೊಂದು ತುರುಕಿದಳು. ಮತ್ತೆ ಕೂಗು, ಮತ್ತೊಂದು ಕುಂಟೆ. ಆಮೇಲೆ ಮೂರೂ ಒಟ್ಟಿಗೆ ಹೊತ್ತಿಕೊಂಡಾಗ ಒಳಗಿನಿಂದ ಬಂದ ಕೂಗೇ ಬೇರೆ.

"ನನ್ನ ಕುದಿನೀರಿಗ್ ಅದ್ದಿದ ಕೋಳಿ ಮಾಡಿದ್ಯನೇ ಮಾರಾಯ್ತಿ?"

"ಬೇಕು ಅಂದವ್ರು ಯಾರು?" ಅಂದಳು ಅಮ್ಮ, ಕೊಳ್ಳಿ ಎಳೆದು ಹೊರಗೆ ಹಾಕುತ್ತಾ.

ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟದ ಸಮೀಕರಣವಿದೆ. ಮಾಡಿದ್ದರ ಫಲ ತಡವಾಗಿ ಕಾಣುವ ಕಡೆ ಅವಸರದಲ್ಲಿ ಮತ್ತೆ ಮತ್ತೆ ಮಾಡಿದರೆ ಎಲ್ಲ ಮಿತಿ ಮೀರುತ್ತದೆ, ಇಷ್ಟೇ ಅದರ ಸಾರ. ಅಂದಿನಿಂದ ನನಗೆ ಪುಸ್ತಕ ಅರ್ಥವಾಗದಿದ್ದರೆ ಮನೆಯವರನ್ನು ಅದರೊಳಗೆ ಕೂರಿಸಿ ನೋಡುವುದು ರೂಢಿಯಾಯಿತು. ಕಂಟ್ರೋಲರ್ ಮೂರು ಬಗೆಯಲ್ಲಿ ಯೋಚಿಸುತ್ತದಂತೆ. ನಾನು ಸಿದ್ದಾಪುರದಿಂದ ಕೊನೆಯ ಬಸ್ಸಿಗೆ ಬಂದ ದಿನಗಳನ್ನು ನೆನೆಸಿಕೊಂಡೆ. ಅಪ್ಪ ಎಷ್ಟು ತಡವೋ ಅಷ್ಟೇ ಬೈಯುತ್ತಿದ್ದ. ಅರ್ಧ ಗಂಟೆಗೆ ಒಂದು ಮಾತು, ಒಂದು ಗಂಟೆಗೆ ಎರಡು. ಅದು ಮೊದಲ ಬಗೆ. ಅಮ್ಮ ಹಾಗಲ್ಲ. ಇವತ್ತು ಹತ್ತು ನಿಮಿಷ ತಡವಾದರೂ ಹಿಂದಿನ ಎಲ್ಲ ತಡಗಳನ್ನೂ ಕೂಡಿಸಿ, ಏಳನೇ ತರಗತಿಯ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ದಿನದಿಂದ ಶುರುಮಾಡುತ್ತಿದ್ದಳು. ಅದು ಎರಡನೆಯದು. ಅಜ್ಜಿ ಮಾತ್ರ ನಾನು ತಡ ಮಾಡುವವರೆಗೆ ಕಾಯುತ್ತಲೇ ಇರಲಿಲ್ಲ. ಬೆಳಿಗ್ಗೆ ನಾನು ಎರಡು ಜಡೆ ಹೆಣೆದುಕೊಳ್ಳುವ ಉಮೇದು ನೋಡಿಯೇ, "ಇವತ್ತು ಇವ್ಳು ಹೊತ್ತಿಗ್ ಸರಿ ಬರಾದಿಲ್ಲ" ಎಂದುಬಿಡುತ್ತಿದ್ದಳು. ಅದು ಮೂರನೆಯದು. ಮೂವರನ್ನೂ ಸರಿಯಾದ ಪಾಲಿನಲ್ಲಿ ಬೆರೆಸಿದರೆ ಹುಡುಗಿ ಹೊತ್ತಿಗೆ ಮನೆಗೆ ಬರುತ್ತಾಳೆ. ಮುಂದಿನ ಸಲ ಆ ಪೇಪರಿನಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದು.

ಇಷ್ಟು ಧೈರ್ಯ ಬಂದ ಮೇಲೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆಲೆಮನೆಯನ್ನು ಆರಿಸಿಕೊಂಡೆ.

ನಮ್ಮ ಕಡೆಯವರಿಗೆ ಆಲೆಮನೆ ಎಂದರೆ ಏನೆಂದು ಹೇಳಬೇಕಿಲ್ಲ. ದೂರದವರಿಗೆ ಹೇಳುತ್ತೇನೆ. ಕಬ್ಬು ಕಡಿದ ಮೇಲೆ ಗದ್ದೆಯ ಬದಿಗೆ ಚಪ್ಪರ ಹಾಕಿ, ಗಾಣ ಹೂಡಿ, ಹಾಲು ತೆಗೆದು, ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಜಾಗ. ಕಬ್ಬಿನ ರಸಕ್ಕೆ ನಾವು ಹಾಲು ಎನ್ನುತ್ತೇವೆ. ನಮ್ಮದು ಅಚ್ಚಿನ ಬೆಲ್ಲವಲ್ಲ, ಜೋನಿ ಬೆಲ್ಲ. ಜೇನಿನ ಹಾಗೆ ಸುರಿಯುವುದು. ಹದ ಸ್ವಲ್ಪ ಮುಂಚೆಯಾದರೆ ಹುಳಿಯಾಗುತ್ತದೆ, ಸ್ವಲ್ಪ ಹೆಚ್ಚಾದರೆ ಡಬ್ಬಿಯ ತಳದಲ್ಲಿ ಕಲ್ಲಾಗುತ್ತದೆ. ಅಪ್ಪನೂ ದೊಡ್ಡಪ್ಪನೂ ಪ್ರತಿವರ್ಷ ಈ ಹದದ ವಿಷಯಕ್ಕೆ ಜಗಳವಾಡಿ, ಆ ಕೊಪ್ಪರಿಗೆ ಇಳಿಯುವವರೆಗೆ ಮಾತು ಬಿಡುತ್ತಿದ್ದರು. ನನ್ನ ಯಂತ್ರ ಇದನ್ನೇ ಬಗೆಹರಿಸಬೇಕಿತ್ತು.

ಏರ್ಪಾಡು ಸರಳ. ಗಾಣದಿಂದ ಹಾಲು ಬಂದು ನೀಲಿ ಡ್ರಮ್ಮಿಗೆ ಬೀಳುತ್ತದೆ. ಡ್ರಮ್ಮಿನಲ್ಲಿ ಒಂದು ತೇಲುಬುರುಡೆ. ಹಾಲು ಗುರುತಿನವರೆಗೆ ಏರಿದರೆ ಕೆಳಗಿನ ವಾಲ್ವ್ ತಾನೇ ತೆರೆದು ಕೊಪ್ಪರಿಗೆಗೆ ಹಾಲು ಬಿಡುತ್ತದೆ. ಕೊಪ್ಪರಿಗೆಯಲ್ಲಿ ಶಾಖ ಅಳೆಯುವ ಕಡ್ಡಿ. ಅದರ ಸುದ್ದಿ ಒಂದು ಡಬ್ಬಿಗೆ ಬಂದು ಕೆಂಪು ಅಂಕಿಯಲ್ಲಿ ಕಾಣುತ್ತದೆ. ಒಲೆಗೆ ಗಾಳಿ ಊದುವ ಫ್ಯಾನನ್ನು ಆ ಡಬ್ಬಿ ಹೆಚ್ಚು ಕಡಿಮೆ ಮಾಡುತ್ತದೆ, ಹದ ಬಂದಾಗ ನಿಲ್ಲಿಸುತ್ತದೆ. ಕಾಲೇಜಿನಲ್ಲಿ ನೀರು ಹಾಕಿ ನೋಡಿದ್ದೆ. ಊರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ, ಅಪ್ಪನೂ ನಾನೂ ಇಬ್ಬರೇ ಇದ್ದು, ಹಾಲು ಹಾಕಿಯೂ ನೋಡಿದ್ದೆ. ಚೆಂದಕ್ಕೆ ನಡೆದಿತ್ತು.

ಆ ವರ್ಷ ಪರೀಕ್ಷೆಗಳೆಲ್ಲ ಹಿಂದೆಮುಂದೆಯಾಗಿ ಪ್ರಾಜೆಕ್ಟಿನ ಪರೀಕ್ಷೆ ಸರಿಯಾಗಿ ಕಬ್ಬಿನ ಕಾಲಕ್ಕೆ ಬಿತ್ತು. ಕೊಪ್ಪರಿಗೆಯನ್ನು ಕಾಲೇಜಿಗೆ ಒಯ್ಯಲು ಬರುವುದಿಲ್ಲವಲ್ಲ, ಹೊರಗಿನ ಪರೀಕ್ಷಕರೇ ಊರಿಗೆ ಬರುವುದೆಂದಾಯಿತು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ನಮ್ಮ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಯಂತ್ರ ಅವರ ಕಣ್ಣೆದುರು ನಡೆಯದಿದ್ದರೆ ಪ್ರಾಜೆಕ್ಟ್ ಫೇಲು; ಪ್ರಾಜೆಕ್ಟ್ ಫೇಲಾದರೆ ಡಿಗ್ರಿ ಒಂದು ವರ್ಷ ಹಿಂದೆ. ಹಾಲಿನ ಪುಡಿ ಕಾರ್ಖಾನೆಯವರು ನನ್ನನ್ನು ಆರಿಸಿದ್ದರೂ ಡಿಗ್ರಿ ಇಲ್ಲದೆ ಬರಬೇಡ ಎಂದಿದ್ದರು. ಒಂದು ವರ್ಷ ಅವರು ಆ ಕುರ್ಚಿಯನ್ನು ಖಾಲಿ ಇಟ್ಟುಕೊಂಡು ಕೂರುವವರಲ್ಲ.

ನಾನು ಮಾಡಿದ ತಪ್ಪು ಒಂದೇ. ಪರೀಕ್ಷಕರು ಬರುವ ಸುದ್ದಿಯನ್ನು ಅಮ್ಮನಿಗೆ ಹೇಳಿದ್ದೆ.

ಅಮ್ಮ ಊರಿಗೆಲ್ಲ ಹೇಳಿದ್ದಳು. ಹತ್ತು ಗಂಟೆಯ ಹೊತ್ತಿಗೆ ಚಪ್ಪರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಆಲೆಮನೆಗೆ ಬಂದವರು ಹಾಲು ಕುಡಿಯಬೇಕು. ಕುಡಿದ ಮೇಲೆ ಖಾರಕ್ಕೆ ಮಂಡಕ್ಕಿ, ಮಿರ್ಚಿ ಭಜಿ; ಖಾರ ತಿಂದ ಮೇಲೆ ಮತ್ತೆ ಹಾಲು. ಸಾಕು ಎಂದವರಿಗೂ ಇನ್ನೊಂದು ಲೋಟ. ಇದು ಯಾವ ಕಾಲದಿಂದ ನಡೆದು ಬಂದಿದೆಯೋ ಗೊತ್ತಿಲ್ಲ. ನನ್ನ ಯಂತ್ರ ಮಾತ್ರ ಮೊನ್ನೆ ಹುಟ್ಟಿದ್ದು. ಲೋಟ, ತಂಬಿಗೆ, ಚೊಂಬು ಎಲ್ಲ ಮುಳುಗುತ್ತಿದ್ದದ್ದು ನನ್ನ ನೀಲಿ ಡ್ರಮ್ಮಿನಲ್ಲಿ.

ಪರೀಕ್ಷಕರು ನಮ್ಮ ಮೇಷ್ಟ್ರ ಜೊತೆ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದಿಳಿದರು. ಮೊದಲು ಇಂಗ್ಲಿಷಿನಲ್ಲೇ ಮಾತಾಡಿದರು. ಹಾಲು ಬಿಡುವುದು, ಗಾಳಿ ಊದುವುದು, ಇವೆರಡಕ್ಕೆ ಮನುಷ್ಯರ ಕೈ ತಾಗಬಾರದು. ತಾಗಿದರೆ ಅದು ಆಟೊಮ್ಯಾಟಿಕ್ ಅಲ್ಲ ಎಂದರು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅಮ್ಮ ಲಿಂಬು ಹಿಂಡಿದ ಲೋಟ ಅವರ ಮುಂದೆ ಹಿಡಿದಳು. ಒಂದು ಲೋಟ ಇಳಿದ ಮೇಲೆ ಅವರು ಕನ್ನಡಕ್ಕೆ ಬಂದರು. ಎರಡನೆಯದು ಇಳಿದ ಮೇಲೆ ತಮ್ಮ ಮನೆಮಾತಿಗೇ ಬಂದು, ತಾವೂ ಈ ಸೀಮೆಯವರೇ ಎಂದುಬಿಟ್ಟರು.

"ಆನೂ ಮತ್ತಿಘಟ್ಟದವನೇಯ. ಸಣ್ಣಿದ್ದಾಗ ಆಲೆಮನೆಗೆ ಹೋದ್ರೆ ಮನಿಗೆ ಬಪ್ಲೇ ಮನಸಿರ್ತಿತ್ತಿಲ್ಲೆ."

"ಹಂಗಾರೆ ಇನ್ನೊಂದ್ ಲೋಟ ತಗಳ್ರಿ" ಎಂದಳು ಅಮ್ಮ.

"ಅಡ್ಡಿಲ್ಲೆ."

ನಾನು ಡ್ರಮ್ಮಿನ ಒಳಗೆ ಇಣುಕಿದೆ. ಗಾಣ ತಿರುಗುತ್ತಲೇ ಇತ್ತು, ಹಾಲು ಬೀಳುತ್ತಲೇ ಇತ್ತು, ತೇಲುಬುರುಡೆ ಮಾತ್ರ ಗುರುತಿಗಿಂತ ಒಂದು ಗೇಣು ಕೆಳಗೆ ಆರಾಮಾಗಿ ತೇಲುತ್ತಿತ್ತು. ಸ್ವಲ್ಪ ಏರುವುದು, ಯಾರೋ ಚೊಂಬು ಮುಳುಗಿಸುವುದು, ಮತ್ತೆ ಇಳಿಯುವುದು. ವಾಲ್ವ್ ತೆರೆಯಲಿಲ್ಲ. ಅದರ ತಪ್ಪೇನೂ ಇಲ್ಲ; ಗುರುತು ಮುಟ್ಟಿದ ಮೇಲೆ ತೆರೆ ಎಂದು ನಾನೇ ಹೇಳಿಕೊಟ್ಟಿದ್ದೆ. ಅತ್ತ ಕೊಪ್ಪರಿಗೆಯಲ್ಲಿ ಬೆಳಿಗ್ಗೆ ಹಾಕಿದ ಅರ್ಧ ಹಾಲು ಮಾತ್ರ ಇತ್ತು. ಫ್ಯಾನು ಪಾಪ ತನ್ನಿಂದಾದಷ್ಟು ತಗ್ಗಿತ್ತು, ಆದರೆ ಒಲೆಯಲ್ಲಿ ಕೆಂಡ ತುಂಬಿತ್ತು. ಹೊಸ ಹಾಲು ಬೀಳದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ತಳ ಹಿಡಿಯುವುದು ಖಂಡಿತ.

ಅಪ್ಪ ಬಕೆಟು ಹಿಡಿದು ಬಂದ. "ನಾ ಸುರಿತೆ, ನೀ ಸುಮ್ನಿರು."

"ಮುಟ್ಬೇಡ ಅಪ್ಪ. ನೀ ಮುಟ್ಟಿದ್ರೆ ನಾ ಫೇಲು."

"ಮುಟ್ಟದಿದ್ರೆ ಬೆಲ್ಲ ಹೋಯ್ತಲೆ."

ಅವನು ಬಕೆಟು ಇಳಿಸಲೂ ಇಲ್ಲ, ಸುರಿಯಲೂ ಇಲ್ಲ, ಹಾಗೇ ನಿಂತ. ನಾನು ಅಮ್ಮನನ್ನು ಬದಿಗೆ ಕರೆದೆ. ಒಂದು ಅರ್ಧ ಗಂಟೆ ಯಾರಿಗೂ ಹಾಲು ಕೊಡುವುದು ಬೇಡ, ಡ್ರಮ್ಮು ತುಂಬಲಿ ಎಂದೆ. ಅಮ್ಮ ನನ್ನನ್ನು ಯಾರೋ ಬೇರೆಯವರ ಮಗಳನ್ನು ನೋಡುವ ಹಾಗೆ ನೋಡಿದಳು.

"ಆಲೆಮನೆಗ್ ಬಂದವ್ರಿಗೆ ಹಾಲಿಲ್ಲ ಅನ್ನೂದಾ? ಬೇಕಾರೆ ನೀ ಇನ್ನೊಂದ್ ವರ್ಷ ಕಲಿ."

ಹೇಳಿ ತಂಬಿಗೆ ಎತ್ತಿಕೊಂಡು ಹೋಗಿಯೇ ಬಿಟ್ಟಳು. ಆ ಕ್ಷಣಕ್ಕೆ ಸಿಟ್ಟು ಬಂತು, ಅಳುವೂ ಬಂತು. ಇಷ್ಟು ವರ್ಷ ಓದಿದ್ದು ಭಜಿ ತಿನ್ನುವವರ ಬಾಯಾರಿಕೆಗೆ ಹೋಯಿತಲ್ಲ ಅನ್ನಿಸಿತು. ಆದರೆ ಅಳುತ್ತಾ ನಿಲ್ಲಲು ಕೊಪ್ಪರಿಗೆ ಬಿಡಬೇಕಲ್ಲ. ಜನರನ್ನು ನಿಲ್ಲಿಸಲು ಬರುವುದಿಲ್ಲ, ಹಾಲನ್ನು ಹೆಚ್ಚಿಸಲು ಬರುವುದಿಲ್ಲ. ಉಳಿದಿದ್ದು ಗುರುತು ಒಂದೇ. ಅದನ್ನು ಇಟ್ಟವಳು ನಾನು. ಖಾಲಿ ಚಪ್ಪರಕ್ಕೆ ಸರಿಯಾದ ಗುರುತನ್ನು ತುಂಬಿದ ಚಪ್ಪರದಲ್ಲಿ ಇಟ್ಟುಕೊಂಡು ಕೂತಿದ್ದೆ.

ಪರೀಕ್ಷಕರ ಹತ್ತಿರ ಹೋಗಿ ಹೇಳಿದೆ, "ಸರ್, ಡ್ರಮ್ಮಿನ ಸೆಟ್ ಪಾಯಿಂಟ್ ಬದಲಾಯಿಸ್ತೇನೆ."

"ಕಾರಣ ಕೊಡಿ" ಎಂದರು. ಮಾತು ಮತ್ತೆ ಪರೀಕ್ಷೆಯ ಮಾತಾಗಿತ್ತು.

"ಡಿಸ್ಟರ್ಬೆನ್ಸ್ ಇದೆ ಸರ್. ಲೆಕ್ಕಕ್ಕೆ ಸಿಗದ ಹಾಗೆ ಹಾಲು ಹೊರಗೆ ಹೋಗ್ತಾ ಇದೆ. ನಾನು ಸಿಸ್ಟಮ್ ಮಾಡುವಾಗ ಅದನ್ನು ಹಿಡಿದಿರಲಿಲ್ಲ."

"ಎಲ್ಲಿಂದ ಹೋಗ್ತಾ ಇದೆ? ಪೈಪ್ ಸೋರ್ತದಾ?"

ನಿಜ ಹೇಳಿದೆ. "ಇಲ್ಲ ಸರ್. ನಿಮ್ಮ ಕೈಯಲ್ಲಿ ಇರೋದೂ ಅದೇ."

ಅವರು ಲೋಟ ನೋಡಿಕೊಂಡರು. ಸುತ್ತ ಭಜಿ ಅಗಿಯುತ್ತಿದ್ದವರ ಕೈಗಳನ್ನೂ ನೋಡಿದರು. ಮೇಷ್ಟ್ರು ಎಲ್ಲಿಗೆ ಹೋಗಿ ಅಡಗಲಿ ಎಂಬಂತೆ ಕಬ್ಬಿನ ರಾಶಿಯತ್ತ ತಿರುಗಿದರು. ಪರೀಕ್ಷಕರು ಉಳಿದ ಹಾಲನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಬೆಂಚಿನ ಮೇಲೆ ಕವುಚಿ ಇಟ್ಟರು. "ಬದಲಾಯಿಸಿ."

ತೇಲುಬುರುಡೆಯ ಗುರುತನ್ನು ಒಂದು ಗೇಣಿಗಿಂತ ಚೂರು ಹೆಚ್ಚು ಕೆಳಗಿಳಿಸಿದೆ. ಖಟ್ ಎಂದು ವಾಲ್ವ್ ತೆರೆಯಿತು. ತಣ್ಣನೆ ಹಾಲು ಕೊಪ್ಪರಿಗೆಗೆ ಬಿದ್ದು ಸುಂಯ್ ಎಂದಿತು, ಕೆಂಪು ಅಂಕಿ ಸರಸರ ಇಳಿಯಿತು, ಇಳಿದದ್ದನ್ನು ಕಂಡು ಫ್ಯಾನು ಯಾರಿಂದಲೋ ಬೈಸಿಕೊಂಡವರ ಹಾಗೆ ಗುಂಯ್ಗುಡುತ್ತಾ ಎದ್ದಿತು. ಅಪ್ಪ ಬಕೆಟು ಕೆಳಗಿಟ್ಟ. ಡ್ರಮ್ಮು ಇಳಿದಾಗ ವಾಲ್ವ್ ಮುಚ್ಚಿತು, ಅಂಕಿ ಏರಿತು, ಫ್ಯಾನು ತಗ್ಗಿತು. ಮತ್ತೆ ತೆರೆಯಿತು. ನಾನು ಖಾಲಿ ಚಪ್ಪರದಲ್ಲಿ ನಡೆಸಿದ್ದಾಗ ಇದು ಒಂದೇ ಸಲ ತೆರೆದು, ಒಂದೇ ಸಲ ಮುಚ್ಚಿ ಸುಮ್ಮನಾಗಿತ್ತು. ಇವತ್ತು ಊರಿನ ಜನ ಸೇರಿ ಅದನ್ನು ಕುಣಿಸುತ್ತಿದ್ದರು, ಅದೂ ಸೋಲದೆ ಕುಣಿಯುತ್ತಿತ್ತು.

ಜನರಿಗೆ ಇದರ ರುಚಿ ಹತ್ತಿತು. ದೊಡ್ಡಪ್ಪ ಬಾಯಾರಿಕೆ ಇಲ್ಲದಿದ್ದರೂ ಒಂದು ಚೊಂಬು ಹಾಲು ತೆಗೆದ, ವಾಲ್ವ್ ಮುಚ್ಚುವುದನ್ನು ನೋಡಿದ, ಹಾಲನ್ನು ಮತ್ತೆ ಡ್ರಮ್ಮಿಗೇ ಸುರಿದ, ತೆರೆಯುವುದನ್ನೂ ನೋಡಿದ. "ಗೊತ್ತಾಗ್ತದಲ ಮಾರಾಯ ಇದಕ್ಕೆ" ಎಂದ ಅಪ್ಪನಿಗೆ. ಇನ್ನೂ ಓದಿಸುತ್ತೀಯಾ ಎಂದು ಕೇಳಿದ ಅದೇ ದೊಡ್ಡಪ್ಪ.

ಕಬ್ಬು ಮುಗಿದು ಗಾಣ ನಿಂತ ಮೇಲೆ ಕಡೆಯ ಹಾಲೂ ಕೊಪ್ಪರಿಗೆಗೆ ಹೋಯಿತು. ಇನ್ನು ಹದ. ಎಲ್ಲರ ಕಣ್ಣೂ ಕೆಂಪು ಅಂಕಿಯ ಮೇಲೆ. ನೂರಾ ಮೂರು ಬಂದಾಗ ಚಪ್ಪರದಲ್ಲಿ ಮಾತು ನಿಂತಿತು. ನೂರಾ ನಾಲ್ಕನ್ನು ಯಾರೋ ಹೆಂಗಸರು ಗಟ್ಟಿಯಾಗಿ ಓದಿದರು. ನೂರಾ ಐದನ್ನು ಎಲ್ಲರೂ ಓದಿದರು. ಹದಕ್ಕೆಂದು ನಾನು ಇಟ್ಟಿದ್ದ ನೂರಾ ಆರಕ್ಕೆ ಫ್ಯಾನು ತಾನೇ ನಿಂತಿತು. ಆ ನಿಶ್ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಎಷ್ಟೋ ದೊಡ್ಡ ಯಂತ್ರಗಳನ್ನು ಆಮೇಲೆ ನಡೆಸಿದ್ದೇನೆ, ನಿಲ್ಲಿಸಿದ್ದೇನೆ. ಅಷ್ಟು ಚೆಂದಕ್ಕೆ ನಿಂತದ್ದು ಬೇರೆ ಕಂಡಿಲ್ಲ.

ಕೊಪ್ಪರಿಗೆ ಇಳಿಸಿದ ಮೇಲೆ ಅಪ್ಪ ಸೌಟಿನಿಂದ ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿದ. "ಸರಿ ಆಯ್ತು."

ದೊಡ್ಡಪ್ಪ ಇನ್ನೊಂದು ಹನಿ ಬಿಟ್ಟ. "ಇನ್ನೊಂದು ಕುದಿ ಬೇಕಿತ್ತು."

"ಅಂಕಿ ನೋಡ."

"ಅಂಕಿ ಹಾಕಿದ್ದು ನಿನ್ ಮಗ್ಳು. ಅದು ನಿನ್ ಕಡೀಗೇ ಹೇಳ್ತದೆ."

ನನ್ನ ಯಂತ್ರ ಬಗೆಹರಿಸಬೇಕಿದ್ದ ಜಗಳ ಅದರ ಎದುರೇ ಹಳೆಯ ಜಾಗದಿಂದ ಮತ್ತೆ ಶುರುವಾಯಿತು. ಪರೀಕ್ಷಕರು ಇಬ್ಬರ ನಡುವೆ ಕೂತು, ಬೆರಳಿನಲ್ಲಿ ಬಿಸಿ ಬೆಲ್ಲ ನೆಕ್ಕಿ, ಯಾರ ಪಕ್ಷವನ್ನೂ ವಹಿಸದೆ, ನನ್ನನ್ನು ಒಂದಿಷ್ಟು ಪ್ರಶ್ನೆ ಕೇಳಿದರು. ಕಡ್ಡಿಯನ್ನು ಅಲ್ಲೇ ಯಾಕೆ ಇಟ್ಟೆ, ಕರೆಂಟು ಹೋದರೆ ಏನು, ವಾಲ್ವ್ ಸಿಕ್ಕಿಕೊಂಡರೆ ಏನು. ಕೊನೆಗೆ, ಮುಂದಿನ ಸಲ ಏನು ಬೇರೆ ಮಾಡುತ್ತೀ ಎಂದರು. ಬಂದವರಿಗೆಂದೇ ಒಂದು ಬೇರೆ ಪಾತ್ರೆ ಇಡುತ್ತೇನೆ, ಮೊದಲು ಅದು ತುಂಬಬೇಕು, ಮಿಕ್ಕಿದ್ದು ಡ್ರಮ್ಮಿಗೆ ಎಂದೆ. ಮೇಷ್ಟ್ರಿಗೆ ಉಸಿರು ಬಂತು.

ಹೊರಡುವಾಗ ಅಮ್ಮ ಒಂದು ಸ್ಟೀಲ್ ಡಬ್ಬಿಯ ತುಂಬ ಜೋನಿ ಬೆಲ್ಲ ತಂದು ಪರೀಕ್ಷಕರ ಎದುರು ನಿಂತಳು. ಆಲೆಮನೆಯಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವ ಕ್ರಮ ಇಲ್ಲ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡಿ ಅಮ್ಮ. ನಾನು ಪರೀಕ್ಷೆ ಮಾಡ್ಲಿಕ್ಕೆ ಬಂದವ. ಇದನ್ನ ತಗೊಂಡ್ರೆ ನಾಳೆ ನಿಮ್ಮ ಮಗಳ ಅಂಕಕ್ಕೇ ಮಾತು ಬರ್ತದೆ."

ಅಮ್ಮನ ಮುಖ ಇಳಿಯಿತು. ಡಬ್ಬಿಯನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. "ಹಾಲು ಕುಡ್ಯೂಕೆ ಅಡ್ಡಿಲ್ಲ, ಬೆಲ್ಲಕ್ಕೆ ಅಡ್ಡಿ ಬಂತಾ? ಅವ್ಳನ್ನ ಪಾಸ್ ಮಾಡ್ರಿ, ಬಿಡ್ರಿ, ಅದು ನಿಮ್ ನಿಮ್ ವಿಷ್ಯ. ಇದು ನಮ್ ಮನೆ ವಿಷ್ಯ."

ಹೀಗೆ ಇಬ್ಬರೂ ಡಬ್ಬಿಯ ಎರಡು ಬದಿಗೆ ನಿಂತರು. ಯಂತ್ರ ಗೆದ್ದು, ಅಮ್ಮನ ಬೆಲ್ಲದಿಂದ ನಾನು ಸೋಲುವ ಹಾಗಾಯಿತಲ್ಲ. ಪರೀಕ್ಷಕರು ಮೇಷ್ಟ್ರನ್ನು ಹತ್ತಿರ ಕರೆದು, ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ನನ್ನ ಪರೀಕ್ಷೆ ಇಲ್ಲಿಗೆ ಮುಗೀತು. ಹುಡುಗಿ ಪಾಸು. ಚೊಲೋ ಅಂಕದಲ್ಲೇ ಪಾಸು. ಬರ್ಕೊಳ್ಳಿ."

ಮೇಷ್ಟ್ರು ಬರೆದುಕೊಂಡರು. ಅಪ್ಪ ತಲೆಗೆ ಸುತ್ತಿದ್ದ ಟುವಾಲು ಬಿಚ್ಚಿ ಮುಖ ಒರೆಸಿಕೊಂಡ, ತುಂಬ ಹೊತ್ತು ಒರೆಸಿಕೊಂಡ. ಪರೀಕ್ಷಕರು ಅಮ್ಮನ ಕಡೆ ತಿರುಗಿ ಎರಡೂ ಕೈ ಚಾಚಿದರು.

"ಈಗ ಕೊಡಿ ಅಮ್ಮ."

ಅಮ್ಮ ಕೊಡಲಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಪಾಸಾ? ಹಂಗಾರೆ ಇದು ಸಣ್ಣದಾಯ್ತು, ತಡೀರಿ" ಎಂದು, ದೊಡ್ಡ ಡಬ್ಬಿ ತರಲು ಮನೆಯ ಕಡೆ ಓಡಿದಳು.